ಅಳಿಯನ ರೈಫಲ್‌ಗೆ ಯಾವ ಡೈ?

ಪ್ರಶ್ನೆ: ನಾನು ಮೂಲತಃ ಗೋಕಾಕದವನು. ಪುಣೆ ಬಳಿಯ ಭೋಸರಿ ಕೈಗಾರಿಕಾ ಪ್ರದೇಶದ ಟೂಲ್ ರೂಮಿನಲ್ಲಿ ಪ್ರೆಸ್ ಟೂಲ್ ಮತ್ತು ಡೀಪ್ ಡ್ರಾ ಡೈಗಳ ಕೆಲಸ ಮಾಡಿ ನಿವೃತ್ತನಾಗಿ ಈಗ ನಿಗಡಿಯಲ್ಲಿದ್ದೇನೆ. ಮಗಳು ಮತ್ತು ಅಳಿಯ ಟೆಕ್ಸಾಸಿನಲ್ಲಿದ್ದಾರೆ. ಅಳಿಯನಿಗೆ ಗುರಿ ಹೊಡೆಯುವ ಹವ್ಯಾಸವಿದೆ. .308 ವಿಂಚೆಸ್ಟರ್ ಕಾಡತೂಸಿನ ಒಂದು ಬೋಲ್ಟ್ ಆಕ್ಷನ್ ರೈಫಲ್, ಅದೇ ಕಾಡತೂಸಿನ ಒಂದು ಸೆಮಿ ಆಟೊಮ್ಯಾಟಿಕ್ ಅವನ ಬಳಿ ಇವೆ. ಹಾರಿಸಿದ ಹಿತ್ತಾಳೆ ಕೇಸುಗಳನ್ನು, ಅಂದರೆ ಕಾಡತೂಸಿನ ಖಾಲಿ ಕವಚಗಳನ್ನು, ಮತ್ತೆ ತುಂಬಿಕೊಳ್ಳಲು ಹೊರಟಿದ್ದಾನೆ. ಕೇಸನ್ನು ಮೊದಲಿನ ಅಳತೆಗೆ ತರುವ ಡೈಗಳಲ್ಲಿ ಫುಲ್ ಲೆಂತ್, ನೆಕ್, ಬುಶಿಂಗ್, ಸ್ಮಾಲ್ ಬೇಸ್ ಎಂದು ಹಲವು ಬಗೆಗಳಿವೆಯಂತೆ. 'ಮಾವ, ನೀವು ಡೈ ಮಾಡಿದವರು, ಯಾವುದು ಕೊಳ್ಳಲಿ ಹೇಳಿ' ಎನ್ನುತ್ತಾನೆ. ಅವನು ನಾಲ್ಕಾರು ಖಾಲಿ ಕೇಸುಗಳನ್ನು ಕೊರಿಯರಿನಲ್ಲಿ ಕಳಿಸಿದರೆ ಅಳತೆ ತೆಗೆದು ಭೋಸರಿಯಲ್ಲೇ ಡಿ2 ಉಕ್ಕಿನ ಡೈ ಮಾಡಿಸಿ, ಮುಂದಿನ ಸಲ ಹೋಗುವಾಗ ಒಯ್ಯಬಹುದೇ?

ಉತ್ತರ: ಕೊನೆಯಲ್ಲಿ ಕೇಳಿದ್ದಕ್ಕೆ ಮೊದಲು ಉತ್ತರಿಸುತ್ತೇನೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಖಾಲಿ ಕೇಸುಗಳನ್ನು ಕಳಿಸದಂತೆ ಅಳಿಯಂದಿರಿಗೆ ಇವತ್ತೇ ಫೋನ್ ಮಾಡಿ ಹೇಳಿ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ ಎರಡನೇ ಸೆಕ್ಷನ್ನಿನಲ್ಲಿ ಮದ್ದುಗುಂಡು ಎಂದರೆ ಏನು ಎಂಬ ವ್ಯಾಖ್ಯೆ ಇದೆ. ಭರ್ತಿಯಾದ ಕಾಡತೂಸಿನ ಜೊತೆಗೆ ಅದರ ಬಿಡಿಭಾಗಗಳು, ಅದನ್ನು ತಯಾರಿಸುವ ಯಂತ್ರೋಪಕರಣಗಳು ಕೂಡ ಅದರಲ್ಲಿ ಸೇರಿವೆ. ತಯಾರಿಕೆಗೆ ಐದನೇ ಸೆಕ್ಷನ್ನಿನಡಿ ಪರವಾನಗಿ ಬೇಕು, ಆಮದು ರಫ್ತಿಗೆ ಹತ್ತನೇ ಸೆಕ್ಷನ್ನಿನಡಿ ಬೇಕು. ನಿಮ್ಮ ಕಣ್ಣಿಗೆ ಅದು ಒಂದು ಉಕ್ಕಿನ ಬುಶ್ ಇರಬಹುದು, ಲೋಹಗಾಂವ್ ವಿಮಾನ ನಿಲ್ದಾಣದಲ್ಲಿ ಚೀಲ ತೆರೆಯುವ ಅಧಿಕಾರಿಯ ಕಣ್ಣಿಗೆ ಬೇರೆಯೇ ಆಗಿ ಕಾಣುತ್ತದೆ. ಖಡಕಿಯಲ್ಲಿ 1869ರಿಂದ ಮದ್ದುಗುಂಡಿನ ಕಾರ್ಖಾನೆ ಇದೆ ಎಂದ ಮಾತ್ರಕ್ಕೆ ನಾಲ್ಕು ಹೆಜ್ಜೆ ಆಚೆಗಿನ ಭೋಸರಿಗೆ ಆ ಅಧಿಕಾರ ಬರುವುದಿಲ್ಲ. ಅಳಿಯಂದಿರ ಸ್ಥಿತಿ ಬೇರೆ. ಅಲ್ಲಿ ಸ್ವಂತ ಬಳಕೆಗೆ ಕಾಡತೂಸು ತುಂಬಿಕೊಳ್ಳಲು ಕೇಂದ್ರದ ಪರವಾನಗಿ ಬೇಕಿಲ್ಲ. ಮಾರಲು ಹೊರಟರೆ ಬೇಕು. ಡೈ ಅಲ್ಲಿನ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸರಕು. ಮುಂದೆ ಬರೆಯುವುದೆಲ್ಲ ಅಲ್ಲಿ, ಅವರ ಕೈಯಲ್ಲಿ ನಡೆಯಬೇಕಾದ ಕೆಲಸದ ಬಗ್ಗೆ.

ಕಾನೂನು ಅಡ್ಡ ಬರದಿದ್ದರೂ ನಾನು ಬೇಡವೆಂದೇ ಹೇಳುತ್ತಿದ್ದೆ. ಹಾರಿಸಿದ ಕೇಸಿನ ಅಳತೆ ಹಿಡಿದು ಡೈ ಮಾಡಿಕೊಡುವವರು ಅಮೆರಿಕದಲ್ಲಿ ಇದ್ದಾರೆ. ಮಾಮೂಲಿಗಿಂತ ಭಿನ್ನವಾದ ಚೇಂಬರ್ (ರೈಫಲ್‌ನಲ್ಲಿ ಕಾಡತೂಸು ಕೂರುವ ಗೂಡು) ಕೊರೆಸಿಕೊಂಡವರಿಗೆ ಅದು ಬೇಕಾಗುತ್ತದೆ. .308 ವಿಂಚೆಸ್ಟರ್ 1952ರಲ್ಲಿ ಬಂದ ಕಾಡತೂಸು. ಅದರ ಡೈ ಮಾಡದ ಕಂಪನಿಯೇ ಇಲ್ಲ. ನೀವು ವೈರ್‌ಕಟ್, ಹಾರ್ಡನಿಂಗ್, ಲ್ಯಾಪಿಂಗ್ ಎಂದು ಸುರಿಯುವ ದುಡ್ಡಿನ ಒಂದು ಪಾಲಿಗೆ ಅಲ್ಲಿ ಒಳ್ಳೆಯ ಡೈ ಬರುತ್ತದೆ.

ಈಗ ಡೈಯ ವಿಷಯ. ಕಾಡತೂಸು ಸಿಡಿದಾಗ ಈ ಜಾತಿಯಲ್ಲಿ ಒತ್ತಡ ಚದರ ಇಂಚಿಗೆ 62,000 ಪೌಂಡಿನ ಗರಿಷ್ಠ ಮಿತಿಯವರೆಗೆ ಏರಬಹುದು. ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತುವಿನ ಆ ತೆಳು ಹಿತ್ತಾಳೆ ಉಬ್ಬಿ ಚೇಂಬರಿನ ಗೋಡೆಗೆ ಅಂಟುತ್ತದೆ, ಒತ್ತಡ ಇಳಿದಾಗ ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ. ಸ್ಪ್ರಿಂಗ್ ಬ್ಯಾಕ್ ಎಂದರೇನೆಂದು ನಿಮಗೆ ನಾನು ಹೇಳಬೇಕಿಲ್ಲ. ಹೊರಗೆ ಬಂದ ಕೇಸ್ ಆ ರೈಫಲ್‌ನ ಚೇಂಬರಿಗೆ ಎರಕ ಹೊಯ್ದಂತೆ ಇರುತ್ತದೆ. ಡೈ ಅದನ್ನು ಹಿಂಡಿ, ಮತ್ತೆ ಸರಾಗವಾಗಿ ಒಳಹೋಗುವಷ್ಟು ಸಣ್ಣದು ಮಾಡಬೇಕು. ಎಷ್ಟು ಸಣ್ಣದು ಎಂಬುದರಲ್ಲೇ ಇಡೀ ವಿದ್ಯೆ ಇದೆ. ಡೈ ಮೇಲಿನ ಹೆಸರು, ಬೆಲೆ ಎಲ್ಲ ಆಮೇಲಿನವು.

ಲೆಕ್ಕ ನೋಡಿ. .308ರಲ್ಲಿ ಕೇಸು ಚೇಂಬರಿನೊಳಗೆ ಭುಜದ ಇಳಿಜಾರಿಗೆ, ಅಂದರೆ ಒಡಲು ಕಿರಿದಾಗಿ ಕುತ್ತಿಗೆಯಾಗುವ ಜಾಗಕ್ಕೆ ತಾಗಿ ನಿಲ್ಲುತ್ತದೆ. ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟಿನ ಮುಖದಿಂದ ಭುಜದ ಮೇಲಿನ ನಿಗದಿತ ವ್ಯಾಸದವರೆಗಿನ ದೂರಕ್ಕೆ ಅಮೆರಿಕದ ಮಾನದಂಡದಲ್ಲಿ ಚೇಂಬರಿನ ಮಿತಿ 1.630ರಿಂದ 1.640 ಇಂಚು. ಹೊಸ ಕಾಡತೂಸಿನ ಮಿತಿ 1.627ರಿಂದ 1.634. ಅಂದರೆ ಎಲ್ಲವೂ ನಿಯಮದೊಳಗೇ ಇದ್ದು, ಅತಿ ಗಿಡ್ಡ ಕಾಡತೂಸು ಅತಿ ಉದ್ದದ ಚೇಂಬರಿಗೆ ಹೋದರೆ 13 ಥೌ ಸಡಿಲ ಉಳಿಯುತ್ತದೆ. ಇಂಚನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ 13 ಭಾಗ, ನಮ್ಮ ಲೆಕ್ಕದಲ್ಲಿ 0.33 ಮಿಲಿಮೀಟರ್. ಟೂಲ್ ರೂಮಿನಲ್ಲಿ ಇಷ್ಟು ಆಟ ಬಿಟ್ಟರೆ ನೀವು ಹುಡುಗನನ್ನು ಗೇಟಿನ ಹೊರಗೆ ನಿಲ್ಲಿಸುತ್ತಿದ್ದಿರಿ. ಹೊಸ ಕಾಡತೂಸು ಒಮ್ಮೆ ಇದನ್ನು ತಾಳಿಕೊಳ್ಳುತ್ತದೆ. ಅದೇ ಕೇಸನ್ನು ಪ್ರತಿ ಸಲವೂ ಅಷ್ಟೇ ಗಿಡ್ಡಕ್ಕೆ ಒತ್ತಿ, ಪ್ರತಿ ಸಲವೂ ಅಷ್ಟೇ ಉದ್ದಕ್ಕೆ ಹಿಗ್ಗಿಸಿದರೆ ತಾಳುವುದಿಲ್ಲ. ಫೈರಿಂಗ್ ಪಿನ್ನಿನ ಏಟಿಗೆ ಕೇಸು ಮುಂದೆ ಸರಿಯುತ್ತದೆ, ಮುಂಭಾಗದ ತೆಳು ಗೋಡೆ ಚೇಂಬರಿಗೆ ಅಂಟುತ್ತದೆ, ದಪ್ಪ ತಳ ಮಾತ್ರ ಹಿಂದಕ್ಕೆ ಬೋಲ್ಟಿನ ಕಡೆಗೆ ತಳ್ಳಲ್ಪಡುತ್ತದೆ. ಎಳೆತ ಬೀಳುವುದು ತಳಕ್ಕಿಂತ ಸ್ವಲ್ಪ ಮೇಲಿನ ಒಂದು ಉಂಗುರದಲ್ಲಿ. ಅಲ್ಲಿ ಗೋಡೆ ಸವೆದು ಸವೆದು ಒಂದು ದಿನ ತಳ ಕಳಚಿಕೊಳ್ಳುತ್ತದೆ, ಬಿಸಿ ಅನಿಲ ಗುರಿಕಾರನ ಮುಖದ ಕಡೆಗೆ ನುಗ್ಗಬಹುದು. ಹೊರಗಡೆ ಹೊಳೆಯುವ ಉಂಗುರ ಕಂಡರೆ ಆ ಕೇಸನ್ನು ಎಸೆಯಬೇಕು. ಹೊರಗೆ ಕಾಣುವ ಮುಂಚೆಯೇ ಒಳಗೆ ಗೊತ್ತಾಗುತ್ತದೆ: ಕಾಗದದ ಕ್ಲಿಪ್ಪಿನ ತುದಿಯನ್ನು ಚೂಪಾಗಿ ಬಗ್ಗಿಸಿ ಒಳಗೋಡೆಯ ಮೇಲೆ ಎಳೆದರೆ ತಗ್ಗು ಬೆರಳಿಗೆ ತಿಳಿಯುತ್ತದೆ.

ಆದ್ದರಿಂದ ಅಳಿಯಂದಿರು ಮೊದಲು ಕೊಳ್ಳಬೇಕಾದ್ದು ಭುಜದ ಉದ್ದ ಅಳೆಯುವ ಕಂಪ್ಯಾರೇಟರ್. ವರ್ನಿಯರ್ ಕ್ಯಾಲಿಪರಿನ ದವಡೆಗೆ ಕಚ್ಚಿಸುವ ಸಣ್ಣ ತುಂಡು ಅದು, ದುಬಾರಿಯಲ್ಲ. ಅದಿಲ್ಲದೆ ಎಂಥ ಡೈ ಕೊಂಡರೂ ಕತ್ತಲಲ್ಲಿ ಕೆಲಸ. ಎರಡು ಮೂರು ಸಲ ಹಾರಿಸಿದ ಕೇಸಿನ ಪ್ರೈಮರ್ (ತಳದಲ್ಲಿ ಕಿಡಿ ಹೊತ್ತಿಸುವ ಬಿಲ್ಲೆ) ತೆಗೆದು ಅಳೆಯಲಿ. ಉಬ್ಬಿದ ಪ್ರೈಮರ್ ಇದ್ದರೆ ಅಳತೆ ಸುಳ್ಳು ಹೇಳುತ್ತದೆ, ಒಂದೇ ಸಲ ಹಾರಿಸಿದ್ದು ಪೂರ್ತಿ ಹಿಗ್ಗಿರುವುದಿಲ್ಲ. ಡೈಯಿಂದ ಹೊರಬಂದ ಕೇಸಿನ ಭುಜ ಆ ಅಳತೆಗಿಂತ ಬೋಲ್ಟ್ ರೈಫಲ್‌ನಲ್ಲಿ ಒಂದರಿಂದ ಎರಡು ಥೌ, ಸೆಮಿ ಆಟೊಮ್ಯಾಟಿಕ್‌ನಲ್ಲಿ ಮೂರರಿಂದ ಐದು ಥೌ ಹಿಂದೆ ಇರಬೇಕು. ಅಷ್ಟೇ.

ಬಗೆಗಳ ಆಯ್ಕೆಗೆ ಬರೋಣ. ಫುಲ್ ಲೆಂತ್ ಡೈ ಒಡಲು, ಭುಜ, ಕುತ್ತಿಗೆ ಮೂರನ್ನೂ ಒಂದೇ ಏಟಿಗೆ ಹಿಂಡುತ್ತದೆ. ನೆಕ್ ಡೈ ಕುತ್ತಿಗೆಯನ್ನು ಮಾತ್ರ. ಹಳೆಯ ಗುರಿಕಾರರು ನೆಕ್ ಡೈಯನ್ನು ಎತ್ತಿ ಹಿಡಿಯುತ್ತಿದ್ದರು: ಒಡಲು ಚೇಂಬರಿಗೆ ಬಿಗಿಯಾಗಿ ಕೂತರೆ ಗುಂಡು ನೇರವಾಗಿ ಹೋಗುತ್ತದೆ, ಹಿತ್ತಾಳೆಯೂ ಬಾಳುತ್ತದೆ ಎಂಬ ವಾದ. ಕೇಳಲು ಚೆನ್ನಾಗಿದೆ. ಆದರೆ ಕೆಲವು ಸಲ ಹಾರಿಸುವುದರೊಳಗೆ ಕೇಸು ಬಿಗಿದು ಬೋಲ್ಟಿನ ಹಿಡಿಕೆ ಬಲ ಕೇಳತೊಡಗುತ್ತದೆ, ಆಗ ಭುಜವನ್ನು ತಳ್ಳಲೇಬೇಕು, ಮತ್ತೆ ಫುಲ್ ಲೆಂತ್ ಡೈಯೇ ಬೇಕು. ನಡುವೆ ಕೇಸಿನಿಂದ ಕೇಸಿಗೆ ಬಿಗಿತ ಬೇರೆ ಬೇರೆ. ನಿಖರತೆಯ ಸ್ಪರ್ಧೆಗಳಲ್ಲಿ ಇಂದು ಹೆಚ್ಚಿನವರು ಪ್ರತಿ ಸಲವೂ ಫುಲ್ ಲೆಂತ್ ಡೈಗೇ ಹಾಕುತ್ತಾರೆ, ಅಳೆದು ಹಾಕುತ್ತಾರೆ. ನನ್ನ ಅಭಿಪ್ರಾಯದಲ್ಲಿ ನಿಮ್ಮ ಅಳಿಯಂದಿರಿಗೆ ನೆಕ್ ಡೈ ಬೇಡ.

ನೆಕ್ ಡೈಗೆ ನಿಜವಾದ ಜಾಗ ಒಂದಿದೆ, ಅದು .303 ಬ್ರಿಟಿಷ್. ಆ ಕಾಡತೂಸು ಭುಜಕ್ಕಲ್ಲ, ತಳದ ಅಂಚಿಗೆ ತಾಗಿ ನಿಲ್ಲುತ್ತದೆ. ಯುದ್ಧದ ಕೆಸರಿನಲ್ಲೂ ನಡೆಯಲಿ ಎಂದು ಲೀ ಎನ್‌ಫೀಲ್ಡ್ ರೈಫಲ್‌ಗಳ ಚೇಂಬರನ್ನು ಧಾರಾಳವಾಗಿ ಕೊರೆದಿದ್ದರು. ಬೋಲ್ಟಿನ ಕಚ್ಚು ಹಿಂಭಾಗದಲ್ಲಿರುವುದರಿಂದ ಹಾರಿಸುವಾಗ ಆಕ್ಷನ್ ಕೂಡ ತುಸು ಹಿಗ್ಗುತ್ತದೆ. ಅಲ್ಲಿ ಪ್ರತಿ ಸಲ ಪೂರ್ತಿ ಹಿಂಡಿದರೆ ಹಿತ್ತಾಳೆ ಬೇಗ ಸಾಯುತ್ತದೆ, ಕುತ್ತಿಗೆ ಮಾತ್ರ ಹಿಂಡುವುದೇ ಜಾಣತನ. ನಮ್ಮ ಈಶಾಪುರದ ಕಾರ್ಖಾನೆಯಲ್ಲಿ ಅರವತ್ತರ ದಶಕದಲ್ಲಿ 7.62 ನೇಟೊ ಕಾಡತೂಸಿಗಾಗಿ (.308ರ ಸೇನಾ ಜೋಡಿ) ಮಾಡಿದ 2ಎ1 ರೈಫಲ್ ಕೂಡ ಅದೇ ವಂಶದ್ದು. ಅಮೆರಿಕದ ಹಳೆಯ ಸೇನಾ ಬಂದೂಕಿನ ಸಂಗ್ರಹಕಾರರ ಬಳಿ ಅದು ಸಿಗುತ್ತದೆ. ಅಳಿಯಂದಿರು ಎಂದಾದರೂ ಊರಿನ ಅಭಿಮಾನಕ್ಕೆ ಅದನ್ನು ಕೊಂಡರೆ, ಹಿಂದೆ ಹೇಳಿದ ಬುದ್ಧಿಮಾತನ್ನು ಮರುಪರಿಶೀಲಿಸೋಣ.

ಬುಶಿಂಗ್ ಡೈ ನಿಮ್ಮಂಥವರಿಗೆ ತಟ್ಟನೆ ಹಿಡಿಸುತ್ತದೆ. ಡೈಯೊಳಗೆ ಕುತ್ತಿಗೆಯ ಭಾಗದಲ್ಲಿ ಬದಲಿಸಬಹುದಾದ ಗಟ್ಟಿ ಬುಶ್, ಒಂದೊಂದು ಥೌ ಅಂತರದಲ್ಲಿ ಸಿಗುತ್ತದೆ. ಇದು ಹುಟ್ಟಿದ್ದಕ್ಕೆ ಒಳ್ಳೆಯ ಕಾರಣವಿದೆ. ಮಾಮೂಲಿ ಡೈ ಮಾಡುವವನಿಗೆ ಗಿರಾಕಿಯ ಹಿತ್ತಾಳೆ ಎಷ್ಟು ದಪ್ಪ ಎಂದು ಗೊತ್ತಿಲ್ಲ. ಅತಿ ತೆಳು ಕುತ್ತಿಗೆಯೂ ಗುಂಡನ್ನು ಹಿಡಿಯಲಿ ಎಂದು ಅವನು ಡೈಯ ಕುತ್ತಿಗೆಯನ್ನು ಬೇಕಾದುದಕ್ಕಿಂತ ಕಿರಿದಾಗಿ ಕೊರೆಯುತ್ತಾನೆ. ಹಾಗೆ ಅತಿಯಾಗಿ ಹಿಂಡಿದ ಕುತ್ತಿಗೆಯನ್ನು ಕೇಸು ಹೊರಬರುವಾಗ ಒಳಗಿನ ಎಕ್ಸ್‌ಪ್ಯಾಂಡರ್ ಗುಂಡಿ ಎಳೆದು ಮತ್ತೆ ಹಿಗ್ಗಿಸುತ್ತದೆ. ಎರಡು ಕೆಲಸ, ಎರಡೂ ಹಿತ್ತಾಳೆಯನ್ನು ಗಡಸು ಮಾಡುವಂಥವು. ಎಳೆತದಲ್ಲಿ ಕುತ್ತಿಗೆ ವಾಲುವುದೂ ಉಂಟು. ಬುಶಿಂಗ್ ಇದನ್ನು ತಪ್ಪಿಸುತ್ತದೆ. ಗುಂಡು ಕೂರಿಸಿದ ಕಾಡತೂಸಿನ ಕುತ್ತಿಗೆಯ ಹೊರವ್ಯಾಸ 0.336 ಇಂಚು ಬಂದರೆ 0.334 ಇಲ್ಲವೇ 0.335ರ ಬುಶ್ ಹಾಕಿದರಾಯಿತು.

ಹಾಗಾದರೆ ಅದನ್ನೇ ಕೊಳ್ಳಬಾರದೇಕೆ? ಬುಶ್ ಹೊರಗಿನಿಂದ ಮಾತ್ರ ಹಿಡಿಯುತ್ತದೆ. ಕುತ್ತಿಗೆಯ ಗೋಡೆ ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗಿದ್ದರೆ ಆ ದೋಷವೆಲ್ಲ ಒಳಮುಖವಾಗಿ ಗುಂಡಿನ ಕಡೆಗೆ ಹೋಗುತ್ತದೆ. ಕುತ್ತಿಗೆಯ ಹೊರಮೈಯನ್ನು ಕತ್ತರಿಸಿ ಸಮ ಮಾಡಿಕೊಂಡವರಿಗೆ ಬುಶ್ ಪೂರ್ಣ ಫಲ ಕೊಡುತ್ತದೆ, ಅಂಗಡಿಯ ಹಿತ್ತಾಳೆಯನ್ನು ಹಾಗೇ ಬಳಸುವವರಿಗೆ ಅರ್ಧ ಫಲ. ಒಂದೇ ಏಟಿಗೆ ಐದು ಥೌಗಿಂತ ಹೆಚ್ಚು ಇಳಿಸಿದರೆ ಕುತ್ತಿಗೆ ಸೊಟ್ಟಗಾಗುವ ಭಯ, ಎರಡು ಬುಶ್‌ಗಳಲ್ಲಿ ಇಳಿಸಬೇಕು. ಬುಶ್‌ಗಳನ್ನು ಸಾಮಾನ್ಯವಾಗಿ ಬೇರೆ ಕೊಳ್ಳಬೇಕು, ಹಿತ್ತಾಳೆಯ ಕಂಪನಿ ಬದಲಾದರೆ ಬುಶ್ಶೂ ಬದಲು. ಹೊಸಬರ ಮೇಜಿನ ಮೇಲೆ ಇಷ್ಟು ಸಂಗತಿಗಳು ಒಟ್ಟಿಗೇ ಬೇಡ.

ನಡುವಿನ ದಾರಿ ಎರಡು ಇವೆ. ಫಾರ್ಸ್ಟರ್ ಕಂಪನಿ ತನ್ನ ಫುಲ್ ಲೆಂತ್ ಡೈಯಲ್ಲಿ ಎಕ್ಸ್‌ಪ್ಯಾಂಡರನ್ನು ಎತ್ತರದಲ್ಲಿ ಇಟ್ಟಿದೆ. ಕುತ್ತಿಗೆ ಇನ್ನೂ ಡೈಯ ಆಸರೆಯಲ್ಲಿರುವಾಗಲೇ ಹಿಗ್ಗುವುದರಿಂದ ವಾಲುವುದು ಕಡಿಮೆ. ಹೆಚ್ಚುವರಿ ಹಣ ಪಡೆದು ಡೈಯ ಕುತ್ತಿಗೆಯನ್ನು ಕೇಳಿದ ಅಳತೆಗೆ ಹೋನ್ ಮಾಡಿಯೂ ಕೊಡುತ್ತದೆ. ಎರಡನೆಯದು, ಯಾವುದೇ ಮಾಮೂಲಿ ಡೈಯ ಎಕ್ಸ್‌ಪ್ಯಾಂಡರ್ ಬಿಚ್ಚಿ ಪಕ್ಕಕ್ಕಿಟ್ಟು, ಬೇರೆ ಹಂತದಲ್ಲಿ ಮೇಲಿನಿಂದ ಮ್ಯಾಂಡ್ರೆಲ್ (ನಿಖರ ವ್ಯಾಸದ ಸಲಾಕೆ) ತೂರಿಸಿ ಕುತ್ತಿಗೆಯ ಒಳವ್ಯಾಸ ನಿಗದಿ ಮಾಡುವುದು. ದೋಷ ಆಗ ಹೊರಕ್ಕೆ ಸರಿಯುತ್ತದೆ, ಗುಂಡು ಕೂರುವ ರಂಧ್ರ ದುಂಡಗಿರುತ್ತದೆ. ನನಗೆ ಇದೇ ಹೆಚ್ಚು ಇಷ್ಟ. ಲೀ ಕಂಪನಿಯ ಕಾಲೆಟ್ ನೆಕ್ ಡೈ ಕೂಡ ಇದೇ ತತ್ತ್ವದ್ದು. ಕುತ್ತಿಗೆಯನ್ನು ಒಳಗಿನ ಮ್ಯಾಂಡ್ರೆಲ್ಲಿಗೆ ಒತ್ತಿ ಹಿಡಿಯುತ್ತದೆ, ಎಣ್ಣೆ ಬೇಡ, ಅಗ್ಗ. ಬುದ್ಧಿವಂತ ವಿನ್ಯಾಸ, ಆದರೆ ಒಡಲನ್ನು ಮುಟ್ಟುವುದಿಲ್ಲ.

ಸೆಮಿ ಆಟೊಮ್ಯಾಟಿಕ್ ಎಂದ ಕೂಡಲೇ ಅಂಗಡಿಯವರು ಸ್ಮಾಲ್ ಬೇಸ್ ಡೈ ತೋರಿಸುತ್ತಾರೆ. ಅದು ಒಡಲಿನ ಕೆಳಭಾಗವನ್ನು ಇನ್ನೂ ಒಂದೆರಡು ಥೌ ಹೆಚ್ಚು ಹಿಂಡುತ್ತದೆ. ತನ್ನದೇ ರೈಫಲ್‌ನಿಂದ ಬಿದ್ದ ಹಿತ್ತಾಳೆಗೆ ಅದು ಸಾಮಾನ್ಯವಾಗಿ ಬೇಕಾಗುವುದಿಲ್ಲ. ಮೊದಲು ಮಾಮೂಲಿ ಫುಲ್ ಲೆಂತ್ ಡೈಯಲ್ಲಿ ಪ್ರಯತ್ನಿಸಿ, ಕೇಸು ಚೇಂಬರಿಗೆ ತಾನಾಗಿ ಬೀಳದಿದ್ದರೆ ಮಾತ್ರ ಇದು. ಶೂಟಿಂಗ್ ರೇಂಜಿನಲ್ಲಿ ಯಾರೋ ಬಿಟ್ಟು ಹೋದ ಕೇಸುಗಳನ್ನು ಆರಿಸಿ ತರುವ ಚಾಳಿ ಇದ್ದರೆ ಮಾತು ಬೇರೆ. ಧಾರಾಳ ಚೇಂಬರಿನ ಸೇನಾ ಆಯುಧದಲ್ಲಿ ಸಿಡಿದ ಹಿತ್ತಾಳೆ ಬುಡದಲ್ಲಿ ಉಬ್ಬಿರುತ್ತದೆ, ಮೊದಲ ಸಲಕ್ಕೆ ಸ್ಮಾಲ್ ಬೇಸ್ ಉಪಯೋಗ. ಸೇನಾ 7.62ರ ಕೇಸಿನ ಗೋಡೆ ಸಾಮಾನ್ಯವಾಗಿ ದಪ್ಪ, ಒಳಗಿನ ಜಾಗ ಕಡಿಮೆ; .308ರ ಮದ್ದಿನ ಪ್ರಮಾಣವನ್ನು ಅದಕ್ಕೆ ಹಾಗೇ ಸುರಿಯುವಂತಿಲ್ಲ. ಮುದ್ರಿತ ಕೈಪಿಡಿಯ ಕನಿಷ್ಠ ಪ್ರಮಾಣದಿಂದ ಆರಂಭಿಸಬೇಕು. ಹೊಸಬರು ಆರಿಸಿದ ಹಿತ್ತಾಳೆಯಿಂದ ದೂರ ಇರುವುದೇ ಒಳ್ಳೆಯದು.

ಸೆಮಿ ಆಟೊಮ್ಯಾಟಿಕ್‌ಗೆ ಭುಜ ಹೆಚ್ಚು ಹಿಂದಿರಬೇಕು ಎಂದೆ. ಅಲ್ಲಿ ಬೋಲ್ಟನ್ನು ಮುಚ್ಚುವುದು ಸ್ಪ್ರಿಂಗ್, ಕೈಯಲ್ಲ. ಕೇಸು ಬಿಗಿಯಾಗಿ ಅರ್ಧಕ್ಕೆ ನಿಂತು, ಬೋಲ್ಟ್ ಪೂರ್ತಿ ಕಚ್ಚದೆಯೇ ಸಿಡಿದರೆ ಅನಾಹುತ. ಜೊತೆಗೆ ಮ್ಯಾಗಜೀನಿನಿಂದ ರಭಸವಾಗಿ ನುಗ್ಗುವಾಗ ಗುಂಡು ಕೇಸಿನೊಳಕ್ಕೆ ಸರಿಯದಂತೆ ಕುತ್ತಿಗೆ ಬಿಗಿಯಾಗಿ, ಒಳವ್ಯಾಸ ಗುಂಡಿಗಿಂತ ಸುಮಾರು ಮೂರು ಥೌ ಕಿರಿದಾಗಿ ಇರಬೇಕು. ಬೋಲ್ಟ್ ರೈಫಲ್‌ಗೆ ಒಂದೆರಡು ಥೌ ಸಾಕು.

ಎರಡು ರೈಫಲ್‌ಗಳ ಬೇಡಿಕೆ ಹೀಗೆ ಬೇರೆಯಾಗಿರುವುದರಿಂದ ನನ್ನ ನೇರ ಸಲಹೆ ಇದು: ಒಂದು ದುಬಾರಿ ಬುಶಿಂಗ್ ಡೈಯ ಬದಲು ಎರಡು ಮಾಮೂಲಿ ಫುಲ್ ಲೆಂತ್ ಡೈ ಕೊಳ್ಳಲಿ. ಬೋಲ್ಟ್ ರೈಫಲ್‌ಗೆ ಫಾರ್ಸ್ಟರ್ ಇಲ್ಲವೇ ರೆಡ್ಡಿಂಗ್, ಸೆಮಿ ಆಟೊಮ್ಯಾಟಿಕ್‌ಗೆ ಆರ್‌ಸಿಬಿಎಸ್ ಅಥವಾ ಹಾರ್ನಡಿ. ಒಂದೊಂದನ್ನು ಒಂದೊಂದು ರೈಫಲ್‌ಗೆ ಹೊಂದಿಸಿ, ಲಾಕ್ ರಿಂಗ್ ಬಿಗಿದು, ಹೆಸರು ಬರೆದು ಇಟ್ಟುಬಿಡಲಿ. ಹಿತ್ತಾಳೆಯ ಡಬ್ಬಿಗಳೂ ಬೇರೆ ಬೇರೆ ಇರಲಿ. ಎರಡಕ್ಕೂ ಒಂದೇ ಕಾಡತೂಸು ತುಂಬುವ ಆಸೆ ಬಂದರೆ ಚಿಕ್ಕ ಚೇಂಬರಿನ ಅಳತೆಗೆ ಹಿಂಡಬೇಕು, ಆಗ ದೊಡ್ಡ ಚೇಂಬರಿನಲ್ಲಿ ಮೇಲೆ ಹೇಳಿದ ಉಂಗುರದ ಕಾಟ ಶುರುವಾಗುತ್ತದೆ.

ಹೊಂದಿಸುವ ಬಗೆಯನ್ನು ನೀವೇ ಫೋನಿನಲ್ಲಿ ಕಲಿಸಬಹುದು. ಡೈ ಜೊತೆ ಬರುವ ಚೀಟಿಯಲ್ಲಿ ಶೆಲ್ ಹೋಲ್ಡರಿಗೆ (ಪ್ರೆಸ್ಸಿನಲ್ಲಿ ಕೇಸಿನ ತಳ ಹಿಡಿಯುವ ತುಂಡು) ತಾಗುವವರೆಗೆ ತಿರುಗಿಸಿ, ಮೇಲೆ ಇನ್ನಷ್ಟು ತಿರುಗಿಸಿ ಎಂದಿರುತ್ತದೆ. ಅದು ಯಾವ ಚೇಂಬರಿಗೂ ಹೋಗಲಿ ಎಂಬ ಸೂಚನೆ, ಅವರ ಚೇಂಬರಿಗೆ ಅದು ಅತಿಯಾಗಬಹುದು. ಬದಲಿಗೆ ಡೈಯನ್ನು ಮೇಲೆ ಇಟ್ಟು ಆರಂಭಿಸಲಿ. ಇಲ್ಲೊಂದು ವಿಚಿತ್ರ ಕಾಣುತ್ತದೆ: ಮೊದಮೊದಲು ಕೇಸಿನ ಭುಜದ ಅಳತೆ ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ. ಒಡಲು ಹಿಂಡಿಸಿಕೊಂಡಾಗ ಲೋಹ ಎಲ್ಲಿಗೆ ಹೋಗಬೇಕು, ಮುಂದಕ್ಕೆ ಹರಿಯುತ್ತದೆ. ಡೀಪ್ ಡ್ರಾ ಮಾಡಿದ ನಿಮಗೆ ಇದು ಹೊಸದಲ್ಲ, ಅಳಿಯಂದಿರು ಗಾಬರಿಯಾದಾರು. ಡೈ ಇನ್ನೂ ಇಳಿದು ಭುಜಕ್ಕೆ ತಾಗಿದ ಮೇಲೆ ಅಳತೆ ಇಳಿಯತೊಡಗುತ್ತದೆ. ಡೈಯ ಹೊರಗಿನ ಎಳೆ ಇಂಚಿಗೆ 14. ಒಂದು ಪೂರ್ತಿ ಸುತ್ತಿಗೆ 71 ಥೌ, ಹತ್ತು ಡಿಗ್ರಿಗೆ ಎರಡು ಥೌ. ಡೈ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದುಕೊಂಡು ಕೊನೆಗೆ ಐದೈದು ಡಿಗ್ರಿಯಂತೆ ಸರಿಸಿದರೆ ಒಂದು ಥೌವರೆಗೆ ಹಿಡಿಯಬಹುದು. ಪ್ರೆಸ್ಸಿನ ಚೌಕಟ್ಟು ಒತ್ತುವ ಬಲಕ್ಕೆ ತುಸು ಬಾಗುವುದರಿಂದ ಡೈ ಶೆಲ್ ಹೋಲ್ಡರಿಗೆ ಗಟ್ಟಿಯಾಗಿ ತಾಗಿ ನಿಂತರೆ ಅಳತೆ ಏಕರೂಪವಾಗಿ ಬರುತ್ತದೆ. ಅದಕ್ಕಾಗಿಯೇ ರೆಡ್ಡಿಂಗ್‌ನವರು ಎರಡರಿಂದ ಹತ್ತು ಥೌವರೆಗೆ ಎತ್ತರ ಹೆಚ್ಚಿಸಿದ ಐದು ಶೆಲ್ ಹೋಲ್ಡರ್‌ಗಳ ಜೋಡಣೆ ಮಾರುತ್ತಾರೆ. ಅನುಕೂಲವೇ, ಅನಿವಾರ್ಯವಲ್ಲ.

ಮುಂದಕ್ಕೆ ಹರಿದ ಲೋಹ ಕುತ್ತಿಗೆಯ ಉದ್ದಕ್ಕೆ ಸೇರುತ್ತದೆ. ಕೇಸಿನ ಒಟ್ಟು ಉದ್ದ 2.015 ಇಂಚು ದಾಟಬಾರದು, ದಾಟುವ ಮುಂಚೆ 2.005ಕ್ಕೆ ಕತ್ತರಿಸಬೇಕು. ಉದ್ದವಾದ ಕುತ್ತಿಗೆ ಚೇಂಬರಿನ ತುದಿಗೆ ಸಿಕ್ಕಿ ಗುಂಡನ್ನು ಕಚ್ಚಿಕೊಂಡರೆ ಒತ್ತಡ ಅಪಾಯಕ್ಕೆ ಏರುತ್ತದೆ. ಹಿಂಡಿದ ನಂತರ ಅಳೆಯಬೇಕು, ಮುಂಚೆ ಅಲ್ಲ.

ಕಾರ್ಬೈಡ್ ಡೈ ಬಗ್ಗೆ ನೀವು ಕೇಳಿಲ್ಲ, ಕೇಳುತ್ತೀರಿ ಎಂದು ಗೊತ್ತು. ಪಿಸ್ತೂಲಿನ ನೇರ ಗೋಡೆಯ ಕೇಸಿಗೆ ಕಾರ್ಬೈಡ್ ಉಂಗುರವಿದ್ದರೆ ಎಣ್ಣೆ ಬೇಕಿಲ್ಲ. ಕುತ್ತಿಗೆ ಇರುವ ರೈಫಲ್ ಕೇಸಿಗೆ ಡೈ ಕಾರ್ಬೈಡ್‌ನದಾದರೂ ಲೂಬ್ರಿಕೆಂಟ್ ಬೇಕೇ ಬೇಕು, ಆದ್ದರಿಂದ ಆ ದುಡ್ಡು ವ್ಯರ್ಥ. ಸೈಜಿಂಗ್ ವ್ಯಾಕ್ಸನ್ನು ಬೆರಳ ತುದಿಯಿಂದ ಒಡಲಿಗೆ ತೆಳುವಾಗಿ ಸವರಿದರೆ ಸಾಕು. ಭುಜದ ಮೇಲೆ ಹೆಚ್ಚು ಬಿದ್ದರೆ ಅದು ಡೈಯೊಳಗೆ ಸಿಕ್ಕಿ ಹಿತ್ತಾಳೆಯಲ್ಲಿ ತಗ್ಗು ಮೂಡಿಸುತ್ತದೆ. ತೀರ ಕಡಿಮೆಯಾದರೆ ಕೇಸು ಡೈಯಲ್ಲೇ ಕಚ್ಚಿಕೊಳ್ಳುತ್ತದೆ, ಪ್ರೆಸ್ಸಿನ ಹಿಡಿಕೆ ಎಳೆದರೆ ತಳದ ಅಂಚು ಹರಿದು ಬರುತ್ತದೆ. ಹಾಗಾದಾಗ ಸುತ್ತಿಗೆ ಹಿಡಿಯುವುದು ಬೇಡ. ಮೊದಲು ಮೇಲಿನಿಂದ ಎಕ್ಸ್‌ಪ್ಯಾಂಡರ್ ಸಡಿಲಿಸಿ, ತಳದಲ್ಲಿ ಡ್ರಿಲ್ ಹಾಕಿ ಟ್ಯಾಪ್ ಮಾಡಿ, ತಿರುಪಿನ ಬೋಲ್ಟ್ ತಿರುಗಿಸಿ ಎಳೆಯಬೇಕು. ಇದಕ್ಕಾಗಿ ಸಿದ್ಧ ಕಿಟ್ ಸಿಗುತ್ತದೆ, ಡೈ ಜೊತೆಗೇ ಒಂದನ್ನು ತರಿಸಿಟ್ಟುಕೊಳ್ಳಲು ಹೇಳಿ.